ಹಿಂಡಿ ಅಂಗಡಿಯ ಕಪ್ಪೆಚಿಪ್ಪಿನ ಚೂರು: ಕೋಳಿಗಳಿಗೆ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಿತ್ತಲಲ್ಲಿ ನಾಲ್ಕಾರು ಮೊಟ್ಟೆ ಕೋಳಿ ಸಾಕಿಕೊಂಡು, ಸಿಪ್ಪೆ ತೆಳ್ಳಗೆ ಬರುತ್ತಿದೆ ಅಂತ ಆನ್‌ಲೈನಲ್ಲಿ ಬಣ್ಣಬಣ್ಣದ ಡಬ್ಬಿ ಹುಡುಕುತ್ತಿದ್ದರೆ ಸ್ವಲ್ಪ ನಿಲ್ಲಿ. ಪೇಟೆಯ ಹಿಂಡಿ ಅಂಗಡಿಗೆ ಹೋಗಿ ಕೋಳಿಗೆ ಹಾಕುವ ಕಪ್ಪೆಚಿಪ್ಪಿನ ಚೂರು ಇದೆಯಾ ಅಂತ ಕೇಳಿ. ಮೂಟೆ ಬಿಚ್ಚಿಟ್ಟು ತೂಕಕ್ಕೆ ಕೊಡುತ್ತಾರೆ. ಹೆಸರಿಲ್ಲ, ಲೇಬಲ್ ಇಲ್ಲ, ಕೋಳಿ ಚಿತ್ರ ಇಲ್ಲ. ಆದರೆ ನಾನು ತಂದು ಹಾಕಿ ನೋಡಿದ್ದರಲ್ಲಿ ಕೊಟ್ಟ ದುಡ್ಡಿಗೆ ಸರಿಯಾಗಿ ಕೆಲಸ ಮಾಡಿದ್ದು ಇದೊಂದೇ. ಡಬ್ಬಿ, ಪ್ಯಾಕೆಟ್, ಪುಡಿ ಎಲ್ಲದರ ಕಥೆಯನ್ನೂ ಕೆಳಗೆ ಹೇಳುತ್ತೇನೆ.

ನಮ್ಮದು ಸಾಗರದ ಕಡೆಯ ಹಳ್ಳಿ. ಹಿತ್ತಲಲ್ಲಿ ಗಿರಿರಾಜ ಕೆಲವು, ಸ್ವರ್ಣಧಾರ ಕೆಲವು, ಜೊತೆಗೆ ಮನೆಯಲ್ಲಿ ಮೊದಲಿಂದಲೂ ಇರುವ ನಾಟಿ ಹೇಂಟೆಗಳು, ಒಂದು ಹುಂಜ. ಗಿರಿರಾಜ, ಸ್ವರ್ಣಧಾರ ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ತಳಿ, ಹಿತ್ತಲಲ್ಲಿ ಬಿಟ್ಟು ಸಾಕಲಿಕ್ಕೆ ಅಂತಲೇ ಮಾಡಿದ್ದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಸಿಪ್ಪೆಯ ತಕರಾರು ಎಲ್ಲ ಕೋಳಿಗೂ ಒಂದೇ ಥರ ಇರುವುದಿಲ್ಲ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ಮರಿ ಮಾಡಿ, ಮರಿ ಬೆಳೆಸಿ, ಆಮೇಲೆ ಮತ್ತೆ ಮೊಟ್ಟೆ. ಮಧ್ಯದಲ್ಲಿ ಅದರ ಮೈ ಸುಧಾರಿಸಿಕೊಳ್ಳಲು ಬೇಕಾದಷ್ಟು ಸಮಯ ಇದೆ. ಸ್ವರ್ಣಧಾರಕ್ಕೆ ಆ ಪುರುಸೊತ್ತು ಇಲ್ಲ. ಇನ್ನು ಫಾರಂನಿಂದ ತಂದ ಬಿವಿ 300 ಬಿಳಿ ಕೋಳಿ ಇದ್ದರಂತೂ ವರ್ಷಕ್ಕೆ ಮುನ್ನೂರರ ಮೇಲೆ ಮೊಟ್ಟೆ ಇಡುವ ಯಂತ್ರ ಅದು. ಹಾಗಾಗಿ "ನಮ್ಮಜ್ಜಿ ಯಾವ ಕ್ಯಾಲ್ಸಿಯಂ ಕೊಟ್ಟಿದ್ದಳು" ಅನ್ನುವವರಿಗೆ ಉತ್ತರ ಇಷ್ಟೇ. ಅಜ್ಜಿಯ ಹತ್ತಿರ ಇದ್ದದ್ದು ನಾಟಿ ಕೋಳಿ.

ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಶುರುವಾಯಿತು. ಮೊದಲು ಸಿಪ್ಪೆ ಒರಟಾಯಿತು, ಒಂದು ತುದಿಯಲ್ಲಿ ಮರಳು ಅಂಟಿದ ಹಾಗೆ ಬೊಕ್ಕೆ ಬೊಕ್ಕೆ. ಆಮೇಲೆ ಪಾತ್ರೆಯಲ್ಲಿ ಒಂದರ ಮೇಲೊಂದು ಇಟ್ಟರೆ ಕೆಳಗಿನದು ಬಿರುಕು. ಕೊನೆಗೆ ಸಿಪ್ಪೆಯೇ ಇಲ್ಲದ್ದು. ನೋಡದವರಿಗೆ ಹೇಳುತ್ತೇನೆ, ಅದು ಕೈಗೆ ಬಂದರೆ ಒಂಥರಾ ಆಗುತ್ತದೆ. ಬಿಸಿಯಾಗಿ, ತೇವವಾಗಿ ಇರುತ್ತದೆ. ಬೆರಳು ತಾಗಿದ ಕಡೆ ತಗ್ಗು ಬೀಳುತ್ತದೆ. ಬೆಳಕಿಗೆ ಹಿಡಿದು ಮೆಲ್ಲಗೆ ವಾಲಿಸಿದರೆ ಹಳದಿ ಅತ್ತಿಂದಿತ್ತ ಜಾರುವುದು ಪೊರೆಯ ಮೂಲಕವೇ ಕಾಣುತ್ತದೆ. ತಿನ್ನಲು ತೊಂದರೆ ಏನೂ ಇಲ್ಲ, ಪೊರೆ ಹರಿಯದೇ ಒಲೆಯ ತನಕ ಬಂದರೆ. ಆದರೆ ಗೂಡಿನಲ್ಲೇ ಹರಿದುಹೋದರೆ ಬೇರೆ ಕೋಳಿಗಳು ಕುಕ್ಕಿ ತಿನ್ನುತ್ತವೆ. ರುಚಿ ಹತ್ತಿದರೆ ಆಮೇಲೆ ಗಟ್ಟಿ ಮೊಟ್ಟೆಯನ್ನೂ ಬಿಡುವುದಿಲ್ಲ. ಅದು ನಿಜವಾದ ನಷ್ಟ.

ಮೇವು ಏನಿತ್ತು ಅಂದರೆ ಮಲೆನಾಡಿನ ಎಲ್ಲ ಮನೆಯಲ್ಲಿ ಇರುವುದೇ. ಬೆಳಿಗ್ಗೆ ಭತ್ತ ಇಲ್ಲವೇ ನುಚ್ಚು, ಮಧ್ಯಾಹ್ನ ಉಳಿದ ಅನ್ನ, ತೌಡು ಕಲಸಿದ್ದು, ಉಳಿದದ್ದು ಅವೇ ತೋಟ ಸುತ್ತಿ ಹುಡುಕಿಕೊಳ್ಳಬೇಕು. ಲೆಕ್ಕ ಹಾಕಿದರೆ ವಿಷಯ ಗೊತ್ತಾಗುತ್ತದೆ. ಒಂದು ಮೊಟ್ಟೆಯ ಸಿಪ್ಪೆ ಐದಾರು ಗ್ರಾಂ ತೂಗುತ್ತದೆ. ಅದು ಹೆಚ್ಚೂಕಮ್ಮಿ ಪೂರ್ತಿ ಕ್ಯಾಲ್ಸಿಯಂ ಕಾರ್ಬೋನೇಟ್. ಬರೀ ಕ್ಯಾಲ್ಸಿಯಂ ಅಂತ ತೆಗೆದರೆ 2 ಗ್ರಾಂ ಮೇಲೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ, ಅರ್ಧದಷ್ಟು ಹತ್ತಿದರೆ ಪುಣ್ಯ. ಅಂದರೆ ದಿನಾ ಮೊಟ್ಟೆ ಇಡುವ ಕೋಳಿಯ ಹೊಟ್ಟೆಗೆ ದಿನಕ್ಕೆ 4 ಗ್ರಾಂ ಹತ್ತಿರ ಹೋಗಬೇಕು. ನೂರು ಗ್ರಾಂ ಮೆಕ್ಕೆಜೋಳದಲ್ಲಿ ಇರುವುದು ಒಂದು ಗ್ರಾಂನ ನೂರನೇ ಒಂದೆರಡು ಭಾಗ ಅಷ್ಟೇ. ಅಕ್ಕಿ ನುಚ್ಚು ಕೂಡ ಹಾಗೇ. "ರಾಗಿ ಹಾಕಿ, ರಾಗಿಯಲ್ಲಿ ಕ್ಯಾಲ್ಸಿಯಂ ಇದೆ" ಅಂತ ಬಯಲುಸೀಮೆ ನೆಂಟರು ಹೇಳಿದರು. ಇದೆ, ಸುಳ್ಳಲ್ಲ, ಧಾನ್ಯಗಳಲ್ಲೇ ಜಾಸ್ತಿ. ಆದರೆ ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು. ಮನುಷ್ಯರಿಗೆ ಒಳ್ಳೆಯದೇ, ಮೊಟ್ಟೆ ಕೋಳಿಗೆ ಯಾವ ಮೂಲೆಗೂ ಸಾಲುವುದಿಲ್ಲ. ಬೇಕಾದ್ದು ಅದರ ಹತ್ತು ಪಾಲಿಗಿಂತ ಜಾಸ್ತಿ.

ಅಂದಹಾಗೆ ಆ ನೆಂಟರ ಕೋಳಿಗಳ ಮೊಟ್ಟೆ ಗಟ್ಟಿಯಾಗೇ ಇವೆ. ಅದಕ್ಕೆ ಕಾರಣ ರಾಗಿ ಅಲ್ಲ ಅಂತ ನನ್ನ ಲೆಕ್ಕ. ಆ ಕಡೆಯ ಮಣ್ಣಿನಲ್ಲೇ ಸುಣ್ಣಕಲ್ಲಿನ ಚೂರು ಸಿಗುತ್ತವೆ, ಕೋಳಿ ಕೆದಕಿ ನುಂಗುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಎಲ್ಲಿಂದ ಬರಬೇಕು? ವರ್ಷ ವರ್ಷ ಮಳೆ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿ. ಅಡಿಕೆ ತೋಟಕ್ಕೇ ಸುಣ್ಣ ಹೊತ್ತು ಹಾಕುತ್ತೇವೆ.

ಈಗ ಅಂಗಡಿ ವಿಷಯ. ದನದ ಹಿಂಡಿ, ಬೂಸಾ, ಹತ್ತಿಕಾಳು ಮಾರುವ ಅಂಗಡಿ. ಕೇಳಿದ್ದಕ್ಕೆ ಹುಡುಗ ತಲೆ ಎತ್ತದೆ ಕೇಳಿದ, "ದಪ್ಪದ್ದಾ, ಪುಡಿನಾ ಅಣ್ಣಾ?" ಈ ಪ್ರಶ್ನೆ ಕೇಳಿದ ಅಂಗಡಿ ಅಂದರೆ ಅರ್ಧ ನಂಬಬಹುದು. ಮೂಟೆ ಮೂಲೆಯಲ್ಲಿತ್ತು. ಮಾಲು ಘಟ್ಟದ ಕೆಳಗಿಂದ ಬರುತ್ತದೆ ಅಂದ. ಕುಮಟಾ, ಹೊನ್ನಾವರ ಕಡೆ ಹೊಳೆ ಸಮುದ್ರ ಸೇರುವಲ್ಲಿ ಬಳಚು ತೆಗೆಯುತ್ತಾರಲ್ಲ, ಮಾಂಸ ತಿಂದ ಮೇಲೆ ಉಳಿಯುವ ಚಿಪ್ಪು ಅದು. ಮಂಗಳೂರು ಕಡೆಯವರಿಗೆ ಮರುವಾಯಿ ಚಿಪ್ಪು ಅಂದರೆ ಅರ್ಥವಾಗುತ್ತದೆ. ಒಂದು ಕಾಲಕ್ಕೆ ಇದನ್ನೆಲ್ಲ ಸುಟ್ಟು ಗೋಡೆಗೆ ಬಳಿಯುವ ಸುಣ್ಣ ಮಾಡುತ್ತಿದ್ದರು. ಕೋಳಿಗೆ ಮಾತ್ರ ಸುಡದೆ ಒಡೆದದ್ದು ಬೇಕು, ಇದು ಮುಖ್ಯ, ಮುಂದೆ ಹೇಳುತ್ತೇನೆ.

ಕೈಗೆ ಹಾಕಿಕೊಂಡು ನೋಡಿದೆ. ಬಿಳಿ, ಬೂದು, ಅಲ್ಲಲ್ಲಿ ನೀಲಿ ಗೆರೆ. ಕೆಲವು ಚೂರಿನ ಮೇಲೆ ಚಿಪ್ಪಿನ ಗೀರು ಇನ್ನೂ ಕಾಣುತ್ತದೆ. ಹೆಚ್ಚಿನವು ಕಡಲೆಬೇಳೆ ಗಾತ್ರ, ಕೆಲವು ಅದಕ್ಕಿಂತ ಸಣ್ಣ, ಒಂದೊಂದು ಉಗುರಿನಷ್ಟು ದೊಡ್ಡದೂ ಇತ್ತು. ಅಂಚು ಚುಚ್ಚುತ್ತದೆ, ಮುಷ್ಟಿ ಬಿಗಿ ಹಿಡಿದರೆ ಗೊತ್ತಾಗುತ್ತದೆ. ಕೋಳಿಗೆ ಗಂಟಲು ಕುಯ್ದೀತು ಅಂತ ಮನೆಯಲ್ಲಿ ಹೆದರಿದರು, ಏನೂ ಆಗುವುದಿಲ್ಲ. ಗಾಜಿನಂಥ ಗೊರಬಲು ಕಲ್ಲನ್ನೇ ನುಂಗಿ ಇಟ್ಟುಕೊಳ್ಳುವ ಹೊಟ್ಟೆ ಅದು. ವಾಸನೆ ಸ್ವಲ್ಪ ಇದೆ, ಒಣಮೀನು ಅಂಗಡಿ ಮುಂದೆ ಹಾದುಹೋದ ಹಾಗೆ. ಬೆಲೆ ಅಂತೂ ತಮಾಷೆ. ಆನ್‌ಲೈನಲ್ಲಿ ಒಂದು ಕೆ.ಜಿ. ಪ್ಯಾಕೆಟ್‌ಗೆ ಕೇಳುವ ದುಡ್ಡಿನಲ್ಲಿ ಇಲ್ಲಿ ಚೀಲ ತುಂಬ ಬರುತ್ತದೆ, ಸಾಗಣೆ ಖರ್ಚು ಬೇರೆ ಇಲ್ಲ.

ತಂದ ಕೂಡಲೇ ಹಾಕಬೇಡಿ. ನಾಲಿಗೆಗೆ ಒಂದು ಚೂರು ತಾಗಿಸಿ ನೋಡಿ, ಉಪ್ಪು ಹತ್ತಿದರೆ ತೊಳೆಯಬೇಕು. ಹೊಳೆಬಾಯಿಯ ಚಿಪ್ಪು, ತೊಳೆಯದೇ ಒಣಗಿಸಿದ್ದರೆ ಉಪ್ಪು ಕೂತಿರುತ್ತದೆ. ಉಪ್ಪು ಜಾಸ್ತಿಯಾದರೆ ಕೋಳಿ ನೀರು ಕುಡಿದು ಕುಡಿದು ತೆಳ್ಳಗೆ ಹಿಕ್ಕೆ ಹಾಕುತ್ತದೆ, ಸಾಲದ್ದಕ್ಕೆ ಸಿಪ್ಪೆಯೂ ಕೆಡುತ್ತದೆ. ಯಾವುದಕ್ಕೆ ತಂದೆವೋ ಅದಕ್ಕೇ ಕಲ್ಲು ಹಾಕಿದ ಹಾಗೆ. ಎರಡು ಸಲ ನೀರು ಬದಲಿಸಿ ತೊಳೆದು ಅಂಗಳದಲ್ಲಿ ಬಿಸಿಲಿಗೆ ಹರಡಿದರೆ ಆಯಿತು. ತೊಳೆಯುವಾಗ ನಮಗೆ ಬಲೆಯ ದಾರದ ತುಂಡು, ಒಂದಿಷ್ಟು ಮರಳು, ಪ್ಲಾಸ್ಟಿಕ್ ಚೂರು ಸಿಕ್ಕಿತು. ಇದು ಈ ಮಾಲಿನ ದೊಡ್ಡ ಕೊರತೆ. ಆರಿಸದೆ ತುಂಬಿದ್ದಾರೆ. ಅದಕ್ಕೆ ಅಂಕ ಕಳೆಯಲೇಬೇಕು.

ಅಸಲಿ ಚಿಪ್ಪೋ ಅಲ್ಲವೋ ಅನ್ನುವ ಅನುಮಾನ ಇದ್ದರೆ ಒಂದು ಚೂರಿನ ಮೇಲೆ ನಿಂಬೆರಸ ಹಿಂಡಿ. ಸಣ್ಣ ಸಣ್ಣ ಗುಳ್ಳೆ ಎದ್ದು ನೊರೆ ಬರುತ್ತದೆ. ಬರೀ ಮರಳು, ಬಿಳಿ ಗೊರಬಲು ಕಲ್ಲಾದರೆ ಸುಮ್ನೆ ಒದ್ದೆಯಾಗುತ್ತದೆ, ಅಷ್ಟೇ.

ಹಾಕುವ ರೀತಿ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಒಳ್ಳೆ ಮಾಲು ತಂದೂ ತುಂಬಾ ಜನ ಇಲ್ಲೇ ಕೆಡಿಸುತ್ತಾರೆ. ಮೇವಿನಲ್ಲಿ ಕಲಸಬೇಡಿ. ಹಿತ್ತಲ ಕೋಳಿ ಅಂದರೆ ಒಂದೇ ತಟ್ಟೆಗೆ ಹುಂಜ, ಹೇಂಟೆ, ಮರಿ ಎಲ್ಲ ಬರುತ್ತವೆ. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟು ಬೇಕು, ಮರಿಗೆ ಶೇ. 1 ಸಾಕು. ಮರಿಗೆ ಅಷ್ಟು ಜಾಸ್ತಿ ಹೋದರೆ ಮೂತ್ರಪಿಂಡ ಹಾಳಾಗುತ್ತದೆ. ಸತ್ತ ಮರಿಯನ್ನು ಕೊಯ್ದು ನೋಡಿದರೆ ಒಳಗೆ ಸೀಮೆಸುಣ್ಣ ಬಳಿದ ಹಾಗೆ ಬೆಳ್ಳಗೆ ಇರುತ್ತದೆ. ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಯ ಮೇವಿನ ಚೀಲ ತಂದು ಮರಿಗೂ ಅದನ್ನೇ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಿ. ಚಿಪ್ಪಿನ ಚೂರನ್ನು ಬೇರೆಯೇ ಬಟ್ಟಲಲ್ಲಿ, ಮಳೆ ತಾಗದ ಕಡೆ, ಯಾವಾಗಲೂ ಇಟ್ಟಿರಬೇಕು. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಮೊಟ್ಟೆ ಇಡುವ ಕೋಳಿಗೆ ಕ್ಯಾಲ್ಸಿಯಂನದ್ದೇ ಒಂದು ಹಸಿವು ಇರುತ್ತದೆ, ಇದು ಕಟ್ಟುಕಥೆ ಅಲ್ಲ.

ನಾನು ತೆಂಗಿನ ಚಿಪ್ಪನ್ನೇ ಬಟ್ಟಲು ಮಾಡಿ ಗೂಡಿನ ಕಂಬಕ್ಕೆ ಕಟ್ಟಿದೆ, ಹೇಂಟೆಯ ಎದೆ ಎತ್ತರಕ್ಕೆ. ಕೆಳಗಿಟ್ಟರೆ ಕೆದಕಿ ಚೆಲ್ಲುತ್ತವೆ, ಮೇಲೆ ಹತ್ತಿ ಹಿಕ್ಕೆ ಹಾಕುತ್ತವೆ. ಹುಂಜ ಬಂದು ಒಂದು ಚೂರು ಎತ್ತಿ, ಕೆಳಗೆ ಹಾಕಿ, ಕೊಕ್ಕೊಕ್ಕೊ ಅಂತ ಹೇಂಟೆಗಳನ್ನು ಕರೆದು ದೊಡ್ಡಸ್ತಿಕೆ ತೋರಿಸಿತು. ತಾನು ತಿನ್ನಲಿಲ್ಲ. ನಾಟಿ ಹೇಂಟೆಗಳು ಕುಕ್ಕಿ ನೋಡಿ ಹೋದವು. ಕಂದು ಸ್ವರ್ಣಧಾರ ಒಂದಿದೆ, ಸಿಪ್ಪೆ ಇಲ್ಲದ ಮೊಟ್ಟೆ ಅದರದ್ದೇ ಅಂತ ಮೊದಲಿಂದ ಅನುಮಾನ ಇತ್ತು. ಅದು ಬಟ್ಟಲು ಬಿಟ್ಟು ಕದಲಲೇ ಇಲ್ಲ. ಸಣ್ಣದನ್ನೆಲ್ಲ ಕೊಕ್ಕಿನಿಂದ ಪಕ್ಕಕ್ಕೆ ಸರಿಸಿ ದಪ್ಪ ದಪ್ಪ ಚೂರನ್ನೇ ಆರಿಸಿ ನುಂಗಿತು.

ದಪ್ಪದ್ದೇ ಯಾಕೆ ಅನ್ನುವುದಕ್ಕೆ ಕಾರಣ ಇದೆ. ಕೋಳಿ ಮೈಯಲ್ಲಿ ಒಂದು ಮೊಟ್ಟೆ ತಯಾರಾಗಲು ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಅದರಲ್ಲಿ ಇಪ್ಪತ್ತು ಗಂಟೆಯಷ್ಟು ಬರೀ ಸಿಪ್ಪೆ ಕೂರಿಸುವ ಕೆಲಸ, ಅದರ ಹೆಚ್ಚಿನ ಭಾಗ ನಡೆಯುವುದು ರಾತ್ರಿ. ರಾತ್ರಿ ಕೋಳಿ ಮೇಯುವುದಿಲ್ಲ, ಸಂಜೆ ಆರೂವರೆಗೆ ಗೂಡು ಸೇರಿದರೆ ಮುಗಿಯಿತು. ಪುಡಿ ತಿಂದಿದ್ದರೆ ಅದು ಬೇಗ ಕರಗಿ ಹೋಗಿರುತ್ತದೆ. ದಪ್ಪ ಚೂರು, ಎರಡು ನಾಲ್ಕು ಮಿಲಿಮೀಟರಿನದ್ದು, ಕೋಳಿ ಕೊಯ್ದಾಗ ಒಳಗೆ ಕಲ್ಲು ಸಿಗುತ್ತದಲ್ಲ ಆ ಗಟ್ಟಿ ಹೊಟ್ಟೆಯಲ್ಲಿ ಕೂತು ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಕರಗುತ್ತಾ ಇರುತ್ತದೆ. ಅದೂ ಸಿಗದಿದ್ದರೆ ಕೋಳಿ ತನ್ನ ಎಲುಬಿನಿಂದಲೇ ತೆಗೆದು ಸಿಪ್ಪೆಗೆ ಹಾಕುತ್ತದೆ. ಬಹಳ ದಿನ ಹೀಗೇ ನಡೆದರೆ ಕಾಲು ಸೋತು ಕೂತುಬಿಡುತ್ತದೆ. ಹಾಗಾಗಿ ಮಧ್ಯಾಹ್ನದ ಮೇಲೆ, ಸಂಜೆ ಗೂಡಿಗೆ ಹೋಗುವ ಮುಂಚೆ ಬಟ್ಟಲು ತುಂಬಿದೆಯಾ ಅಂತ ಒಮ್ಮೆ ನೋಡಿ. ಬೆಳಿಗ್ಗೆ ಹಾಕಿ ಮಧ್ಯಾಹ್ನಕ್ಕೆ ಖಾಲಿಯಾದರೆ ಬೇಕಾದ ಹೊತ್ತಿಗೆ ಇಲ್ಲದ ಹಾಗಾಗುತ್ತದೆ.

ಫಲ ಏನು? ಸಿಪ್ಪೆಯಿಲ್ಲದ ಮೊಟ್ಟೆ ಕೆಲವೇ ದಿನದಲ್ಲಿ ನಿಂತಿತು. ಸಿಪ್ಪೆ ಗಟ್ಟಿಯಾಗಿದ್ದು ಗೊತ್ತಾಗಲು ಒಂದೆರಡು ವಾರ ಹಿಡಿಯಿತು. ನೋಡಲಿಕ್ಕೆ ಸುಲಭದ ದಾರಿ, ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಇಟ್ಟು ನೋಡುವುದು. ಮುಂಚೆ ಕೂದಲೆಳೆ ಬಿರುಕು, ಮೋಡ ಮೋಡದ ಹಾಗೆ ಕಲೆ ಕಾಣುತ್ತಿತ್ತು. ಈಗ ಒಂದೇ ಸಮ ಇದೆ. ಬಾಣಲೆ ಅಂಚಿಗೆ ಹೊಡೆದಾಗಿನ ಸದ್ದೂ ಬೇರೆ. ಕಾವಿಗೆ ಇಟ್ಟ ಮೊಟ್ಟೆ ಹೇಂಟೆಯ ಕಾಲಿಗೆ ಸಿಕ್ಕಿ ಒಡೆಯುವುದು ಕಮ್ಮಿಯಾಯಿತು. ಸಿಪ್ಪೆ ತೆಳ್ಳಗಿದ್ದರೆ 21 ದಿನದಲ್ಲಿ ಒಳಗಿನ ನೀರಿನಂಶ ಜಾಸ್ತಿ ಆರಿಹೋಗಿ ಮರಿ ಒಳಗೇ ಸಾಯುವುದೂ ಉಂಟು. ಮರಿ ಮಾಡಿಸುವವರು ಇದಕ್ಕಾದರೂ ಚಿಪ್ಪು ಹಾಕಬೇಕು. ಆದರೆ ನಮ್ಮ ಹಳೇ ಗಿರಿರಾಜ ಒಂದರ ಮೊಟ್ಟೆ ಇವತ್ತಿಗೂ ತೆಳ್ಳಗೇ ಇದೆ. ವಯಸ್ಸಾದ ಕೋಳಿಯ ಮೊಟ್ಟೆ ದೊಡ್ಡದಾಗುತ್ತಾ ಹೋಗುತ್ತದೆ, ಹಾಕುವ ಸಿಪ್ಪೆ ಮಾತ್ರ ಅಷ್ಟೇ. ಅಷ್ಟೇ ಹಿಟ್ಟಿನಲ್ಲಿ ದೊಡ್ಡ ರೊಟ್ಟಿ ತಟ್ಟಿದರೆ ತೆಳ್ಳಗಾಗುವುದಿಲ್ಲವೇ, ಹಾಗೆ. ಅದಕ್ಕೆ ಯಾವ ಚಿಪ್ಪೂ ಪೂರ್ತಿ ಪರಿಹಾರ ಅಲ್ಲ.

ಈಗ ಬೇರೆಯವುಗಳ ಬಗ್ಗೆ, ಬೇಗ ಬೇಗ.

ಆನ್‌ಲೈನ್ ಪ್ಯಾಕೆಟ್. ಮಾರಿದವರ ಹೆಸರು ಹೇಳುವುದಿಲ್ಲ. ಹೊರಗೆ ಅಂದದ ಚಿತ್ರ, ಒಳಗೆ ಮುಕ್ಕಾಲು ಪಾಲು ಪುಡಿ. ಚಿರೋಟಿ ರವೆ ಜರಡಿಗೆ ಹಾಕಿದರೆ ಮೇಲೆ ಉಳಿದದ್ದು ಒಂದು ಮುಷ್ಟಿ. ದೂಳು ಮೂಗಿಗೆ ಹೋಗಿ ಕೋಳಿ ಸೀನುತ್ತದೆ. ಚಿತ್ರದಲ್ಲಿ ಇದ್ದದ್ದು ದಪ್ಪ ಚೂರು. ವಾಪಸ್ ತಗೊಳ್ಳುತ್ತೀರಾ ಅಂದರೆ ಬಿಚ್ಚಿದ ಪ್ಯಾಕೆಟ್ ಆಗುವುದಿಲ್ಲ ಅಂದರು. ಬಿಚ್ಚದೆ ಹೇಗೆ ನೋಡಬೇಕಿತ್ತೋ! ಒಂದು ಒಳ್ಳೆಯ ಮಾತು ಹೇಳಬೇಕೆಂದರೆ ಅದು ಶುದ್ಧವಾಗಿತ್ತು, ಉಪ್ಪು ಇರಲಿಲ್ಲ, ವಾಸನೆ ಇರಲಿಲ್ಲ. ಪೇಟೆಯಲ್ಲಿ, ಟೆರೇಸ್ ಮೇಲೆ ಎರಡು ಕೋಳಿ ಸಾಕಿ, ಹಿಂಡಿ ಅಂಗಡಿ ಎಲ್ಲಿದೆ ಅಂತಲೂ ಗೊತ್ತಿಲ್ಲದವರು ತರಿಸಿಕೊಳ್ಳಬಹುದು. ಆದರೆ ಚೂರಿನ ಗಾತ್ರ ಬರೆದಿರುವುದನ್ನೇ ನೋಡಿ ತರಿಸಿ.

ಕ್ಯಾಲ್ಸಿಯಂ ಡಬ್ಬಿ, ನೀರಿಗೆ ಹಾಕುವಂಥದ್ದು. ಇದಕ್ಕೆ ನನ್ನ ತಕರಾರು ಎರಡು. ಒಂದು, ಲೆಕ್ಕ. ಡಬ್ಬಿ ಹಿಂದೆ ಎಷ್ಟು ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೆ, ಓದಿ. ಸಾಮಾನ್ಯವಾಗಿ 10 ಮಿಲಿಲೀಟರಿನಲ್ಲಿ ಒಂದು ಗ್ರಾಂ ಕ್ಯಾಲ್ಸಿಯಂ ಕೂಡ ಇರುವುದಿಲ್ಲ. ಕೋಳಿಗೆ ಬೇಕಾದ್ದು ದಿನಕ್ಕೆ 4 ಗ್ರಾಂ. ಅಷ್ಟನ್ನೂ ಡಬ್ಬಿಯಿಂದಲೇ ಕೊಡಲು ಹೋದರೆ ಮೊಟ್ಟೆ ಮಾರಿದ ದುಡ್ಡು ಡಬ್ಬಿಗೇ ಹೋಗುತ್ತದೆ. ಎರಡು, ನೀರಿನ ಪಾತ್ರೆಯಲ್ಲಿ ತಳಕ್ಕೆ ಕೂರುತ್ತದೆ, ಲೋಳೆ ಕಟ್ಟುತ್ತದೆ, ಇರುವೆ ಬರುತ್ತದೆ, ದಿನಾ ಉಜ್ಜಬೇಕು. ಹಾಗಂತ ಕೆಲಸಕ್ಕೆ ಬಾರದ್ದು ಅಂತಲ್ಲ. ಮೊಟ್ಟೆ ಸಿಕ್ಕಿಹಾಕಿಕೊಂಡು ಕೋಳಿ ಬಾಲ ಇಳಿಬಿಟ್ಟು ತಿಣುಕುತ್ತಾ ಕೂತಾಗ ಬೇಗ ಮೈಗೆ ಹತ್ತುವುದು ಇದೇ. ಡಾಕ್ಟರನ್ನು ಕೇಳಿ ಕೊಡಿ. ಅಂಥ ಹೊತ್ತಿಗೆ ಅಂತ ಒಂದು ಸಣ್ಣ ಡಬ್ಬಿ ಮನೆಯಲ್ಲಿರಲಿ, ದಿನದ ಬಳಕೆಗೆ ಬೇಡ. ಇವುಗಳಲ್ಲಿ ಡಿ3 ವಿಟಮಿನ್ ಸೇರಿಸಿರುತ್ತಾರೆ, ಅದು ನಿಜವಾಗಿ ಬೇಕಾದ್ದೇ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಬಿಸಿಲಲ್ಲಿ ಓಡಾಡುವ ಕೋಳಿಗೆ ಬಿಸಿಲೇ ಅದನ್ನು ಕೊಡುತ್ತದೆ. ನಮ್ಮ ಆಷಾಢದ ಮಳೆಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದಿದ್ದಾಗ ವಿಟಮಿನ್ ಹನಿ ಕೊಟ್ಟರೆ ಅದಕ್ಕೆ ಅರ್ಥ ಇದೆ.

ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿ ಮತ್ತು ದನಕ್ಕೆ ಹಾಕುವ ಮಿನರಲ್ ಮಿಕ್ಸ್‌ಚರ್. ಕೊಟ್ಟಿಗೆಯಲ್ಲಿ ಹೇಗೂ ಇದೆ, ಕೋಳಿಗೂ ಒಂದು ಚಮಚ ಅಂತ ಹಾಕುವವರಿದ್ದಾರೆ. ಡಿಸಿಪಿಯಲ್ಲಿ ಕ್ಯಾಲ್ಸಿಯಂ ನೂರಕ್ಕೆ 23ರ ಸುಮಾರು, ಜೊತೆಗೆ ರಂಜಕ, ಅಂದರೆ ಫಾಸ್ಫರಸ್, 18ರ ಸುಮಾರು. ಚಿಪ್ಪಿನಲ್ಲಿ ಕ್ಯಾಲ್ಸಿಯಂ ನೂರಕ್ಕೆ 38ರ ಹತ್ತಿರ, ರಂಜಕ ಇಲ್ಲವೇ ಇಲ್ಲ ಅನ್ನಬಹುದು. ರಂಜಕ ಸ್ವಲ್ಪ ಬೇಕು, ಜಾಸ್ತಿಯಾದರೆ ಸಿಪ್ಪೆ ತೆಳ್ಳಗಾಗುತ್ತದೆ. ದನದ್ದು ದನಕ್ಕಿರಲಿ.

ಮೊಟ್ಟೆ ಸಿಪ್ಪೆಯನ್ನೇ ವಾಪಸ್ ಹಾಕುವುದು. ಖರ್ಚಿಲ್ಲ, ಚಿಪ್ಪಿನಷ್ಟೇ ಕ್ಯಾಲ್ಸಿಯಂ ಇದೆ, ನಾವೂ ಹಾಕುತ್ತೇವೆ. ಒಲೆ ಆರಿದ ಮೇಲೆ ಕೆಂಡದ ಬಿಸಿಗೆ ಕಾವಲಿ ಇಟ್ಟು ಒಣಗಿಸಿ, ಕೈಯಲ್ಲಿ ಮುರಿದರೆ ಕಟ್ ಅನ್ನಬೇಕು. ಆಮೇಲೆ ಒರಳಲ್ಲಿ ಕುಟ್ಟಿ, ಮೊಟ್ಟೆಯ ಗುರುತು ಸಿಗದ ಹಾಗೆ. ಹಸಿ ಸಿಪ್ಪೆ ಹಾಗೇ ಎಸೆದರೆ ಮೊಟ್ಟೆ ಒಡೆದು ತಿನ್ನುವ ಚಟ ಹತ್ತೀತು ಅಂತ ಹೆದರುತ್ತಾರೆ, ಆ ಹೆದರಿಕೆಯಲ್ಲಿ ಹುರುಳಿದೆ. ತೊಂದರೆ ಏನೆಂದರೆ ತೆಳು ಸಿಪ್ಪೆ ಕುಟ್ಟಿದರೆ ಪುಡಿಯೇ ಆಗುತ್ತದೆ, ದಪ್ಪ ಚೂರು ಉಳಿಯುವುದಿಲ್ಲ. ಮೊಟ್ಟೆಯನ್ನೆಲ್ಲ ಮಾರುವ ಮನೆಯಲ್ಲಿ ಸಿಪ್ಪೆಯೇ ಇರುವುದಿಲ್ಲ, ಅದು ಇನ್ನೊಂದು ಮಾತು.

ಇನ್ನು ದಯವಿಟ್ಟು ಮಾಡಬೇಡಿ ಅನ್ನುವಂಥವು. ಎಲೆಗೆ ಹಚ್ಚುವ ಸುಣ್ಣವನ್ನು ನೀರಿಗೆ ಕದಡಿ ಇಡುತ್ತಾರೆ. ಎಲ್ಲಿ ಹೋದರೂ ಈ ಸಲಹೆ ಕೊಡುವವರು ಒಬ್ಬರಾದರೂ ಸಿಗುತ್ತಾರೆ. ಅದು ಸುಟ್ಟ ಸುಣ್ಣ, ಖಾರ. ಎಲೆ ಅಡಿಕೆಗೆ ಸ್ವಲ್ಪ ಜಾಸ್ತಿ ಹಚ್ಚಿಕೊಂಡು ನಾಲಿಗೆ ಒಡೆದುಕೊಂಡವರಿಗೆ ಬೇರೆ ವಿವರಣೆ ಬೇಡ ಅಲ್ವಾ. ಕೋಳಿ ಆ ನೀರನ್ನು ಕುಡಿಯುವುದನ್ನೇ ಬಿಡುತ್ತದೆ, ನೀರು ಬಿಟ್ಟರೆ ಮೊಟ್ಟೆಯೂ ನಿಲ್ಲುತ್ತದೆ. ತೋಟಕ್ಕೆ ತಂದ ಸುಣ್ಣವೂ ಬೇಡ. ಒಂದೋ ಅದು ಸುಟ್ಟದ್ದಾಗಿರುತ್ತದೆ, ಇಲ್ಲವೇ ಡೋಲೋಮೈಟ್ ಆಗಿರುತ್ತದೆ. ಡೋಲೋಮೈಟ್‌ನಲ್ಲಿ ಮೆಗ್ನೀಷಿಯಂ ಜಾಸ್ತಿ, ಕೋಳಿಗೆ ಭೇದಿ ಆಗುತ್ತದೆ. ರಂಗೋಲಿ ಪುಡಿ ಬಗ್ಗೆಯೂ ಒಬ್ಬರು ಕೇಳಿದರು. ಯಾವ ಕಲ್ಲಿನದ್ದು ಅಂತ ಮಾರುವವರಿಗೇ ಗೊತ್ತಿರುವುದಿಲ್ಲ, ಬಾಗಿಲ ಮುಂದೇ ಇರಲಿ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು. ಸಿಪ್ಪೆ ತೆಳ್ಳಗಾದದ್ದೆಲ್ಲ ಕ್ಯಾಲ್ಸಿಯಂ ಕೊರತೆ ಅಲ್ಲ. ಬಿರುಬೇಸಿಗೆಯಲ್ಲಿ ಕೋಳಿ ಬಾಯಿ ತೆರೆದು ಏದುತ್ತದೆ. ಆಗ ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ, ಸಿಪ್ಪೆಗೆ ಬೇಕಾದ ಇನ್ನೊಂದು ಅರ್ಧ, ಅಂದರೆ ಕಾರ್ಬೋನೇಟ್, ರಕ್ತದಲ್ಲಿ ಕಮ್ಮಿಯಾಗುತ್ತದೆ. ಸಾಲದ್ದಕ್ಕೆ ಮೇವೂ ಕಮ್ಮಿ ತಿನ್ನುತ್ತದೆ. ಚಿಪ್ಪು ಎಷ್ಟೇ ಇಡಿ, ಮೊದಲು ನೆರಳು, ತಣ್ಣೀರು. ಗೂಡಿನ ತಗಡಿನ ಮೇಲೆ ತೆಂಗಿನ ಗರಿ ಹಾಕಿದ್ದೇ ನಮ್ಮಲ್ಲಿ ಚಿಪ್ಪಿನಷ್ಟು ಉಪಕಾರ ಮಾಡಿತು. ಇನ್ನು ಒಂದೆರಡು ಕೋಳಿ ಅಲ್ಲ, ಇಡೀ ಗುಂಪಿನ ಮೊಟ್ಟೆ ಒಮ್ಮೆಲೇ ಸೊಟ್ಟಗಾಗಿ, ಸುಕ್ಕಾಗಿ ಬಂದು, ಜೊತೆಗೆ ಮೂಗು ಸೋರುವುದು, ಗೊರಗೊರ ಸದ್ದು, ಹಸಿರು ಹಿಕ್ಕೆ ಕಂಡರೆ ಹಿಂಡಿ ಅಂಗಡಿಗೆ ಹೋಗಬೇಡಿ, ಪಶು ಆಸ್ಪತ್ರೆಗೆ ಹೋಗಿ. ಕೊಕ್ಕರೆ ರೋಗ ಇರಬಹುದು, ಅದೇ ರಾಣಿಖೇತ್. ಅದರ ಲಸಿಕೆಗಳನ್ನು, ಅಂದರೆ ಲಸೋಟ ಹನಿ, ಆಮೇಲೆ ಆರ್2ಬಿ ಚುಚ್ಚುಮದ್ದು, ಸಮಯಕ್ಕೆ ಹಾಕಿಸದವರಿಗೆ ಚಿಪ್ಪಿನ ಮಾತು ಆಮೇಲಿನದ್ದು.

ಸರಿ, ಅಂಗಡಿ ಮಾಲಿಗೆ ಅಂಕ ಕೊಡಿ ಅಂದರೆ ಐದಕ್ಕೆ ನಾಲ್ಕು. ಬೆಲೆಗೆ ಪೂರ್ತಿ, ಚೂರಿನ ಗಾತ್ರಕ್ಕೆ ಪೂರ್ತಿ, ಕೋಳಿ ತಿನ್ನುವುದರಲ್ಲಿ ಪೂರ್ತಿ. ಕಳೆದ ಒಂದು ಅಂಕದಲ್ಲಿ ಅರ್ಧ ಕಸಕ್ಕೆ, ಅರ್ಧ ಸಿಗದೇ ಹೋಗುವುದಕ್ಕೆ. ಮಳೆಗಾಲ ಹಿಡಿದ ಮೇಲೆ ಕೇಳಿದರೆ "ಮಾಲು ಬಂದಿಲ್ಲ ಅಣ್ಣಾ" ಅನ್ನುವುದೇ ಜಾಸ್ತಿ. ಸಿಕ್ಕರೂ ಮೂಟೆಯ ತಳದ ಪುಡಿ, ಅದೂ ಒದ್ದೆ. ಚಿಪ್ಪು ಕೆಟ್ಟುಹೋಗುವ ವಸ್ತು ಅಲ್ಲ, ಮೇ ತಿಂಗಳಲ್ಲೇ ನಾಲ್ಕು ತಿಂಗಳಿಗೆ ಆಗುವಷ್ಟು ತಂದು ತೊಳೆದು ಒಣಗಿಸಿ ಮುಚ್ಚಳದ ಡ್ರಮ್ಮಿನಲ್ಲಿ ಇಟ್ಟುಕೊಳ್ಳಿ. ತರುವಾಗ ಹುಡುಗನಿಗೆ ಮೇಲಿಂದ ಮೇಲೆ ಬಾಚಿ ಕೊಡಲು ಬಿಡಬೇಡಿ. ಮೂಟೆಯೊಳಗೆ ಕೈ ಇಳಿಸಿ ಒಂದು ಹಿಡಿ ಎತ್ತಿ ನೋಡಿ, ಬೆರಳ ಸಂದಿಯಲ್ಲಿ ಪುಡಿ ಸುರಿದು ಖಾಲಿಯಾದರೆ ಬೇರೆ ಮೂಟೆ ಬಿಚ್ಚಿ ಅನ್ನಿ. ಗೊಣಗುತ್ತಾನೆ, ಆದರೆ ಬಿಚ್ಚುತ್ತಾನೆ.